ಬೆಕ್ಕಿನ ಪೆಟ್ಟಿಗೆಯ ಥಾರ್ನ್‌ಡೈಕ್

ಈ ಸಲದ ಗೋಡೆ ಪತ್ರಿಕೆಯಲ್ಲಿ ನಾನು ಎಡ್ವರ್ಡ್ ಲೀ ಥಾರ್ನ್‌ಡೈಕ್ ಎಂಬ ವಿಜ್ಞಾನಿಯ ಬಗ್ಗೆ ಬರೆಯುತ್ತಿದ್ದೇನೆ. ನಮಗೆ ಈ ಹೆಸರು ಹೊಸದು. ಆದರೆ ಟಿ.ಸಿ.ಎಚ್., ಬಿ.ಎಡ್. ಓದಿದ ಮೇಷ್ಟ್ರುಗಳಿಗೆ ಚೆನ್ನಾಗಿ ಗೊತ್ತು. ಇವರು ಹೇಳಿದ ಕಲಿಕೆಯ ನಿಯಮಗಳನ್ನು ಅವರೆಲ್ಲ ಓದಿಯೇ ಮೇಷ್ಟ್ರಾಗಿದ್ದಾರೆ. ಬಹುಮಾನ ಕೊಟ್ರೆ ಕಲೀತೀವಾ, ಶಿಕ್ಷೆ ಕೊಟ್ರೆ ಕಲೀತೀವಾ? ಈ ಪ್ರಶ್ನೆಗೆ ಎಲ್ಲರೂ ತಮಗೆ ತೋಚಿದ ಉತ್ತರ ಹೇಳುತ್ತಾರೆ. ಥಾರ್ನ್‌ಡೈಕ್ ಮಾತ್ರ ಅದನ್ನು ಅಳತೆ ಮಾಡಿ ನೋಡಿದರು.

ಇವರು 1874ನೇ ಇಸವಿ ಆಗಸ್ಟ್ 31ರಂದು ಅಮೆರಿಕ ದೇಶದ ಮ್ಯಾಸಚೂಸೆಟ್ಸ್ ರಾಜ್ಯದ ವಿಲಿಯಮ್ಸ್‌ಬರ್ಗ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಚರ್ಚಿನ ಪಾದ್ರಿಗಳು. ನಮ್ಮ ಮೇಷ್ಟ್ರುಗಳಿಗೆ ವರ್ಗ ಆಗುವ ಹಾಗೆ ಅವರಿಗೂ ಊರಿಂದೂರಿಗೆ ವರ್ಗವಾಗುತ್ತಿತ್ತು. ಹೀಗೆ ಊರೂರು ಸುತ್ತಿಕೊಂಡೇ ಬಾಲಕ ಎಡ್ವರ್ಡ್ ಚೆನ್ನಾಗಿ ಓದಿದನು. 1895ರಲ್ಲಿ ಪದವಿ ಪಡೆದು ಮುಂದೆ ಓದಲು ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಸೇರಿದರು. ಅಲ್ಲಿ ವಿಲಿಯಂ ಜೇಮ್ಸ್ ಎಂಬ ದೊಡ್ಡ ಮನಶ್ಶಾಸ್ತ್ರಜ್ಞರು ಇವರಿಗೆ ಗುರುಗಳಾದರು.

ಪ್ರಾಣಿಗಳು ಹೇಗೆ ಕಲಿಯುತ್ತವೆ ಎಂದು ತಿಳಿಯುವ ಆಸೆ ಥಾರ್ನ್‌ಡೈಕ್ ಅವರಿಗೆ ಬಂತು. ದುಡ್ಡಿಲ್ಲ, ಪ್ರಯೋಗಶಾಲೆಯಿಲ್ಲ. ಕೋಳಿಮರಿಗಳನ್ನು ತಂದು ತಮ್ಮ ಬಾಡಿಗೆ ರೂಮಿನಲ್ಲೇ ಸಾಕಿಕೊಂಡರು. ಪುಸ್ತಕಗಳನ್ನು ಗೋಡೆಯ ಹಾಗೆ ಸಾಲಾಗಿ ನಿಲ್ಲಿಸಿ, ಸುತ್ತುಬಳಸಿನ ದಾರಿ ಮಾಡಿ, ಮರಿಗಳು ಹೇಗೆ ಹೊರಗೆ ಬರುತ್ತವೆ ನೋಡುತ್ತಿದ್ದರು. ಮನೆಯ ಯಜಮಾನಿಗೆ ಇದು ಸರಿಬರಲಿಲ್ಲ, ಕೋಳಿ ಬೇಡವೇ ಬೇಡ ಅಂದುಬಿಟ್ಟಳು. ಆಗ ಗುರುಗಳಾದ ಜೇಮ್ಸ್ ತಮ್ಮ ಮನೆಯ ನೆಲಮಾಳಿಗೆಯಲ್ಲೇ ಜಾಗ ಕೊಟ್ಟರು. ಅವರ ಮನೆಯ ಚಿಕ್ಕ ಮಕ್ಕಳಿಗಂತೂ ಖುಷಿಯೋ ಖುಷಿ. ಮುಂದೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗುವಾಗ ಚೆನ್ನಾಗಿ ಕಲಿತಿದ್ದ ಎರಡು ಕೋಳಿಗಳನ್ನು ಬುಟ್ಟಿಯಲ್ಲಿ ಹಾಕಿಕೊಂಡೇ ಹೋದರು.

ಕೊಲಂಬಿಯಾದಲ್ಲಿ ಒಂದು ಕಟ್ಟಡದ ಅಟ್ಟದ ಮೇಲೆ ಅವರ ಬೆಕ್ಕಿನ ಪ್ರಯೋಗ ನಡೆಯಿತು. ಮರದ ಪಟ್ಟಿಗಳಿಂದ ತಾವೇ ಪೆಟ್ಟಿಗೆಗಳನ್ನು ಮಾಡಿದರು. ಒಳಗೆ ಹಸಿದ ಬೆಕ್ಕು, ಹೊರಗೆ ಮೀನಿನ ತುಂಡು. ಒಳಗಿರುವ ಒಂದು ದಾರದ ಕುಣಿಕೆ ಎಳೆದರೆ ಬಾಗಿಲು ತೆರೆಯುತ್ತದೆ. ಬೆಕ್ಕಿಗೆ ಅದು ಗೊತ್ತಿಲ್ಲ. ಪರಚುತ್ತೆ, ಕಚ್ಚುತ್ತೆ, ಸಂದಿಯಲ್ಲಿ ತೂರಲು ನೋಡುತ್ತೆ. ಹೀಗೆ ಒದ್ದಾಡುವಾಗ ಅಕಸ್ಮಾತ್ ಕುಣಿಕೆಗೆ ಕಾಲು ಸಿಕ್ಕಿ ಬಾಗಿಲು ತೆಗೆದುಕೊಳ್ಳುತ್ತೆ. ಮತ್ತೆ ಒಳಗೆ ಬಿಟ್ಟರೆ ಮತ್ತೆ ಒದ್ದಾಟ. ಒಂದು ಬೆಕ್ಕಿಗೆ ಮೊದಲ ಸಲ 160 ಸೆಕೆಂಡು ಬೇಕಾಯಿತು. 24ನೇ ಸಲ 7 ಸೆಕೆಂಡು ಸಾಕಾಯಿತು. ಸಮಯ ಒಂದೇ ಸಲ ಇಳಿಯಲಿಲ್ಲ, ಒಮ್ಮೆ ಇಳಿದು ಒಮ್ಮೆ ಏರಿ, ಮೆಲ್ಲಮೆಲ್ಲಗೆ ಕಡಿಮೆಯಾಯಿತು. ಇನ್ನೊಂದು ಬೆಕ್ಕು ಬಾಗಿಲು ತೆರೆಯುವುದನ್ನು ನೋಡಿದ ಬೆಕ್ಕೂ ಕಲಿಯಲಿಲ್ಲ. ತಾನೇ ಮಾಡಿ ತಾನೇ ತಪ್ಪಿ ತಾನೇ ಕಲಿಯಬೇಕಾಯಿತು. ಇದನ್ನೇ ಪ್ರಯತ್ನ-ದೋಷ ಕಲಿಕೆ ಎಂದು ಕರೆಯುತ್ತಾರೆ. 1898ರಲ್ಲಿ ಇದನ್ನೇ ಬರೆದುಕೊಟ್ಟು ಡಾಕ್ಟರೇಟ್ ಪಡೆದರು. ಆಗ ಅವರಿಗೆ 24 ವರ್ಷವೂ ದಾಟಿರಲಿಲ್ಲ.

ಇದರಿಂದ ಅವರು ಪರಿಣಾಮ ನಿಯಮವನ್ನು ಕಂಡುಹಿಡಿದರು. ಯಾವ ಕೆಲಸದಿಂದ ಸುಖ ಸಿಗುತ್ತದೋ ಅದು ಮನಸ್ಸಿನಲ್ಲಿ ಗಟ್ಟಿಯಾಗುತ್ತದೆ, ಯಾವುದರಿಂದ ಕಷ್ಟವಾಗುತ್ತದೋ ಅದು ಸಡಿಲವಾಗುತ್ತದೆ. ಅಂದರೆ ಬಹುಮಾನ, ಶಿಕ್ಷೆ ಎರಡಕ್ಕೂ ತಕ್ಕಡಿಯಲ್ಲಿ ಒಂದೇ ತೂಕ ಕೊಟ್ಟಿದ್ದರು. ಇದರ ಜೊತೆಗೆ ಅಭ್ಯಾಸ ನಿಯಮ ಮತ್ತು ಸಿದ್ಧತಾ ನಿಯಮ ಎಂಬ ಇನ್ನೆರಡನ್ನು ಹೇಳಿದರು. ಹೊಟ್ಟೆ ತುಂಬಿದ ಬೆಕ್ಕು ಮೀನಿಗಾಗಿ ಒದ್ದಾಡುವುದಿಲ್ಲ. ಹಾಗೆಯೇ ಕಲಿಯುವವನಿಗೂ ಮನಸ್ಸಿನಲ್ಲಿ ಹಸಿವು ಇರಬೇಕು.

1899ರಲ್ಲಿ ಥಾರ್ನ್‌ಡೈಕ್ ಕೊಲಂಬಿಯಾದ ಟೀಚರ್ಸ್ ಕಾಲೇಜಿಗೆ ಉಪಾಧ್ಯಾಯರಾಗಿ ಸೇರಿದರು. ಸುಮಾರು ನಲವತ್ತು ವರ್ಷ ಅಲ್ಲೇ ಇದ್ದು ಮೇಷ್ಟ್ರಾಗುವವರಿಗೆ ಪಾಠ ಹೇಳಿದರು. ಮಕ್ಕಳಿಗೆ ಗಣಿತದ ಪುಸ್ತಕ ಬರೆದರು. ಓದುವ ಪುಸ್ತಕಗಳಲ್ಲಿ ಯಾವ ಮಾತು ಎಷ್ಟು ಸಲ ಬರುತ್ತದೆ ಎಂದು ಎಣಿಸಿ, 1921ರಲ್ಲಿ 10,000 ಇಂಗ್ಲಿಷ್ ಪದಗಳ ಪಟ್ಟಿ ಮಾಡಿದರು. ಮಕ್ಕಳಿಗೆ ಅರ್ಥವಾಗುವ ನಿಘಂಟನ್ನೂ ತಂದರು. ಪುಸ್ತಕ, ಲೇಖನ ಸೇರಿ ಅವರ ಬರಹ 500ಕ್ಕೂ ಹೆಚ್ಚು. ಲೋಕವೆಲ್ಲ ಅವರ ನಿಯಮಗಳನ್ನು ಓದಿತು.

ಆದರೆ ಅವರ ಜೀವನದಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇನ್ನು ಮುಂದೆ ಬರುತ್ತದೆ. ಐವತ್ತು ವರ್ಷ ದಾಟಿದ ಮೇಲೆ ಅವರು ತಮ್ಮ ನಿಯಮಗಳನ್ನೇ ಮತ್ತೆ ಪರೀಕ್ಷೆ ಮಾಡಿದರು. ಈ ಸಲ ಬೆಕ್ಕಲ್ಲ, ಮನುಷ್ಯರು. ಒಂದು ಸ್ಪ್ಯಾನಿಷ್ ಪದ ಕೊಟ್ಟು, ಮುಂದೆ ಐದು ಇಂಗ್ಲಿಷ್ ಪದ ಇಟ್ಟು, ಇದರಲ್ಲಿ ಅರ್ಥ ಯಾವುದು ಆರಿಸಿ ಎನ್ನುತ್ತಿದ್ದರು. ಆರಿಸಿದ್ದಕ್ಕೆ ಸರಿ ಅಥವಾ ತಪ್ಪು ಎಂದು ಹೇಳುತ್ತಿದ್ದರು, ಅಷ್ಟೇ. ಸರಿ ಅನ್ನಿಸಿಕೊಂಡ ಉತ್ತರವನ್ನು ಜನ ಮುಂದಿನ ಸಲ ಮತ್ತೆ ಮತ್ತೆ ಆರಿಸಿದರು. ತಪ್ಪು ಅನ್ನಿಸಿಕೊಂಡ ಉತ್ತರ ಮಾತ್ರ ಅಷ್ಟಾಗಿ ಕಡಿಮೆಯಾಗಲೇ ಇಲ್ಲ! ಇನ್ನೊಂದು ಪ್ರಯೋಗದಲ್ಲಿ ಕಣ್ಣು ಮುಚ್ಚಿಸಿ, ಇಷ್ಟು ಇಂಚಿನ ಗೆರೆ ಎಳೆಯಿರಿ ಎಂದು ಮತ್ತೆ ಮತ್ತೆ ಎಳೆಸಿದರು. ಸರಿಯೋ ತಪ್ಪೋ ಹೇಳದಿದ್ದಾಗ ಎಷ್ಟು ಎಳೆದರೂ ಗೆರೆ ಸುಧಾರಿಸಲಿಲ್ಲ.

1929ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞರ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ರಷ್ಯಾದ ಪಾವ್ಲೋವ್ ಕೂಡ ಬಂದಿದ್ದರು. ಅಷ್ಟು ದೊಡ್ಡವರ ಮುಂದೆ ಥಾರ್ನ್‌ಡೈಕ್ ಎದ್ದು ನಿಂತು, ತಾವು ಹಿಂದೆ ಹೇಳಿದ್ದು ತಪ್ಪಾಗಿತ್ತು ಎಂದು ತಾವಾಗಿಯೇ ಒಪ್ಪಿಕೊಂಡರು. ಬರೀ ಅಭ್ಯಾಸ ಸಾಲದು, ಶಿಕ್ಷೆಗೆ ಬಹುಮಾನದಷ್ಟು ತೂಕ ಇಲ್ಲ, ಇದು ಅವರ ಹೊಸ ತೀರ್ಮಾನ. ಮುಂದೆ ಬಂದ ವಿಜ್ಞಾನಿಗಳು, ಜೋರಾದ ಶಿಕ್ಷೆ ಒಂದು ಕೆಲಸವನ್ನು ನಿಲ್ಲಿಸಬಲ್ಲದು ಎಂದು ತೋರಿಸಿದ್ದಾರೆ. ಅದೂ ನಿಜ. ಆದರೆ ನಿಲ್ಲಿಸೋದು ಬೇರೆ, ಕಲಿಸೋದು ಬೇರೆ. ತಪ್ಪು ಎಂದು ಏಟು ಬಿದ್ದರೆ ಯಾವುದು ಅಲ್ಲ ಅಂತ ಗೊತ್ತಾಗುತ್ತೆ, ಯಾವುದು ಹೌದು ಅಂತ ಗೊತ್ತಾಗೋದಿಲ್ಲ.

ಥಾರ್ನ್‌ಡೈಕ್ 1949ರ ಆಗಸ್ಟ್ 9ರಂದು ತೀರಿಕೊಂಡರು. ಅವರಲ್ಲಿ ದೊಡ್ಡ ಕೊರತೆಯೂ ಇತ್ತು. ಬುದ್ಧಿ ಹುಟ್ಟಿನಿಂದ ಬರುತ್ತದೆ, ಕೆಲವು ಜನಾಂಗದವರು ಮೇಲು, ಕೆಲವರು ಕೀಳು ಎಂದು ನಂಬಿದ್ದರು. ಶಿಕ್ಷೆಯ ಬಗ್ಗೆ ತಿದ್ದಿಕೊಂಡವರು ಇದನ್ನು ತಿದ್ದಿಕೊಳ್ಳಲಿಲ್ಲ. ಅದಕ್ಕೇ 2020ರಲ್ಲಿ ಟೀಚರ್ಸ್ ಕಾಲೇಜು ತನ್ನ ಕಟ್ಟಡಕ್ಕೆ ಇಟ್ಟಿದ್ದ ಅವರ ಹೆಸರನ್ನು ತೆಗೆಯಲು ತೀರ್ಮಾನಿಸಿತು. ಒಳ್ಳೆಯದನ್ನು ತೆಗೆದುಕೊಂಡು ಕೆಟ್ಟದ್ದನ್ನು ಬಿಡೋಣ.

ಗೆಳೆಯರೇ, ನಮ್ಮ ತರಗತಿಯಲ್ಲಿ ಒಬ್ಬರು ವಿದ್ಯಾರ್ಥಿ ಎಂಬುದನ್ನು ವಿದ್ಯಾರ್ತಿ ಎಂದು ಬರೆದಿದ್ದರು. ಹತ್ತು ಸಲ ಬರಿ ಅಂದರೆ ಹತ್ತು ಸಲವೂ ವಿದ್ಯಾರ್ತಿ ಎಂದೇ ಬರೆದು ತಂದರು! ಆಮೇಲೆ ಪಕ್ಕದಲ್ಲಿ ಕೂತವಳು ಥ ಅಕ್ಷರದ ಹೊಟ್ಟೆಯ ಚುಕ್ಕೆ ತೋರಿಸಿಕೊಟ್ಟಳು, ಒಂದೇ ಸಲಕ್ಕೆ ಸರಿಹೋಯಿತು. ಥಾರ್ನ್‌ಡೈಕ್ ಗೆರೆಯ ಪ್ರಯೋಗದಲ್ಲಿ ಕಂಡದ್ದೂ ಇದೇ ಅಲ್ಲವೇ? ಬಹುಮಾನ ಅಂದರೆ ಪೆಪ್ಪರ್‌ಮಿಂಟೇ ಆಗಬೇಕಿಲ್ಲ. ಸ್ಪ್ಯಾನಿಷ್ ಪದ ಕಲಿತವರಿಗೆ ಸಿಕ್ಕಿದ್ದು ಸರಿ ಎನ್ನುವ ಒಂದು ಮಾತು ಮಾತ್ರ.

ನಮ್ಮ ದೇಶದಲ್ಲಿ 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಲ್ಲಿದೆ. ಅದರ ಪ್ರಕಾರ ಮಕ್ಕಳನ್ನು ಹೊಡೆಯುವಂತಿಲ್ಲ, ಮನಸ್ಸಿಗೆ ಹಿಂಸೆ ಕೊಡುವಂತಿಲ್ಲ. ಆದರೆ ಬೋರ್ಡಿನ ಹತ್ತಿರ ಲೆಕ್ಕ ತಪ್ಪಿದವರನ್ನು ನೋಡಿ ನಾವೇ ನಗುತ್ತೇವಲ್ಲ, ಅದನ್ನು ತಡೆಯೋದು ನಮ್ಮ ಕೈಯಲ್ಲೇ ಇದೆ. ಬೆತ್ತದ ಏಟಿಗಿಂತ ಆ ನಗು ಜಾಸ್ತಿ ನೋಯುತ್ತೆ, ಲೆಕ್ಕ ಮಾತ್ರ ಬರೋದಿಲ್ಲ. ಗುರುಗಳಲ್ಲಿ ನನ್ನ ವಿನಂತಿ ಏನೆಂದರೆ, ತಪ್ಪಿಗೆ ಕೆಂಪು ಗೀಟು ಹಾಕಿದ ಹಾಗೆ ಸರಿಯಾದ ಕಡೆಯೂ ಒಂದು ಗುರುತು ಹಾಕಿ. ಅದನ್ನು ನೋಡಿ ನಾವು ಮುಂದಿನ ಲೆಕ್ಕ ಮಾಡುತ್ತೇವೆ.

— ಏಳನೇ ತರಗತಿ ವಿದ್ಯಾರ್ಥಿ