ಗೇಣಿಯೊಕ್ಕಲಿನ ಬಂಧು ದಿನಕರ ದೇಸಾಯಿ

ಕುಮಟಾದಿಂದ ಶಿರಸಿಗೆ ಹೋಗುವ ದಾರಿಯಲ್ಲಿ, ದೇವಿಮನೆ ಘಟ್ಟವನ್ನು ಏರುವುದಕ್ಕೆ ಮೊದಲು, ಕತಗಾಲ ಎಂಬ ಊರು ಸಿಗುತ್ತದೆ. ಸುತ್ತಲೂ ಕಾಡು, ಕಾಡಿನ ಅಂಚಿನಲ್ಲಿ ಅಡಕೆಯ ತೋಟ, ತೋಟದ ಕೆಳಗೆ ಅಂಗೈಯಗಲದ ಭತ್ತದ ಗದ್ದೆಗಳು. ಅಲ್ಲಿಂದ ಪಶ್ಚಿಮಕ್ಕೆ ಇಳಿದು ಅಘನಾಶಿನಿ ನದಿ ಕಡಲನ್ನು ಕೂಡುವ ಕಡೆಗೆ ಬಂದರೆ ಗಜನಿ ಭೂಮಿ ಕಾಣುತ್ತದೆ. ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗವೆಂಬ ಭತ್ತ ಅಲ್ಲಿಯ ವಿಶೇಷ. ಮಳೆಗಾಲದಲ್ಲಿ ಈ ದಾರಿಯಾಗಿ ಹೋಗುವ ಪ್ರಯಾಣಿಕನಿಗೆ ಇಷ್ಟು ಹಸುರಾದ ನಾಡಿನಲ್ಲಿ ಹಸಿವಿರಲು ಸಾಧ್ಯವೇ ಎನ್ನಿಸೀತು. ಆದರೆ ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಉತ್ತರ ಕನ್ನಡದ ಕರಾವಳಿಯಲ್ಲಿ ಗದ್ದೆಯನ್ನು ಉಳುತ್ತಿದ್ದವರಲ್ಲಿ ಬಹುಮಂದಿಗೆ ಆ ಗದ್ದೆ ತಮ್ಮದಾಗಿರಲಿಲ್ಲ.

ಅವರು ಗೇಣಿದಾರರು. ತಲೆತಲಾಂತರದ ಹಕ್ಕುಳ್ಳ ಮೂಲಗೇಣಿಯವರ ಸ್ಥಿತಿ ಎಷ್ಟೋ ವಾಸಿ. ಚಾಲಗೇಣಿಯ ಒಕ್ಕಲನ್ನಾದರೋ ಒಡೆಯನು ಇಚ್ಛೆ ಬಂದಾಗ ಬಿಡಿಸಬಹುದಾಗಿತ್ತು. ನೆರೆ ಬಂದು ಪೈರು ಕೊಳೆಯಲಿ, ಕಟ್ಟೆ ಒಡೆದು ಉಪ್ಪುನೀರು ನುಗ್ಗಲಿ, ಗೇಣಿಯ ಭತ್ತವನ್ನು ಅಳೆದು ಕೊಡಲೇಬೇಕು. ಸುಗ್ಗಿಯಲ್ಲಿ ಅಳೆದು ಕೊಟ್ಟು ಉಳಿದ ಕಾಳು ಆಷಾಢದವರೆಗೆ ಬರುತ್ತಿರಲಿಲ್ಲ. ಮನೆಯ ಮಕ್ಕಳಿಗೆ ಗಂಜಿ ಕಾಣಿಸಲು ಮತ್ತೆ ಆ ಒಡೆಯನ ಅಂಗಳದಲ್ಲಿಯೇ ನಿಂತು ಭತ್ತವನ್ನು ಕಡ ತರಬೇಕು. ಮುಂದಿನ ಸುಗ್ಗಿಗೆ ಗೇಣಿಯ ಜೊತೆಗೆ ಆ ಕಡವೂ ಬಡ್ಡಿಯೂ ಸೇರಿ ರಾಶಿ ಕರಗುತ್ತಿತ್ತು. ಅಪ್ಪನ ಸಾಲ ಮಗನಿಗೆ ಬರುತ್ತಿತ್ತು.

ಇಂಥ ಬಾಳಿನಲ್ಲಿ ಹೊಟ್ಟೆಗಿಂತ ಮೊದಲು ಸೋಲುವುದು ಮನಸ್ಸು. ನಾಳೆ ಒಡೆಯರು ಗದ್ದೆ ಬಿಡಿಸಿದರೆ ಏನು ಗತಿ ಎಂಬ ಭಯ ರಾತ್ರಿಯ ನಿದ್ದೆಯನ್ನು ಕೆಡಿಸುತ್ತದೆ. ಸಾಲಗಾರನೆಂಬ ನಾಚಿಕೆಯಿಂದ ಮನುಷ್ಯ ನೆಂಟರ ಮನೆಗೆ ಹೋಗುವುದನ್ನು ಬಿಡುತ್ತಾನೆ, ಹೆಂಡತಿಯೊಡನೆಯೂ ಮಾತು ಕಡಿಮೆ ಮಾಡುತ್ತಾನೆ, ಕೊನೆಗೆ ತನ್ನ ಕಷ್ಟಕ್ಕೆ ತನ್ನ ಹಣೆಬರಹವೇ ಕಾರಣವೆಂದು ನಂಬಿ ಕುಸಿಯುತ್ತಾನೆ. ಘಟ್ಟದಾಚೆ ಧಾರವಾಡದಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೇ ಮನೋರೋಗಿಗಳ ಆಸ್ಪತ್ರೆಯಿದ್ದಿತು. ಆದರೆ ಒಳಗೊಳಗೇ ಕೊರಗುವ ರೈತನ ಈ ಸಂಕಟವನ್ನು ಯಾರೂ ಕಾಯಿಲೆಯೆಂದು ಎಣಿಸಿರಲಿಲ್ಲ. ಅದಕ್ಕೆ ಹೆಸರೇ ಇರಲಿಲ್ಲ. ಅಂಥ ಜನರ ನಡುವೆ ಹೋಗಿ ಕುಳಿತವರು ದಿನಕರ ದೇಸಾಯಿಯವರು.

ದಿನಕರ ದೇಸಾಯಿಯವರು 1909ನೆಯ ಇಸವಿಯ ಸೆಪ್ಟೆಂಬರ್ 10ರಂದು ಅಂಕೋಲಾ ತಾಲೂಕಿನಲ್ಲಿ ಹುಟ್ಟಿದರು. ತಂದೆ ದತ್ತಾತ್ರೇಯ ದೇಸಾಯಿ. ಆಗ ಈ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅವರ ಯೌವನದ ಕಾಲಕ್ಕೆ ಅಂಕೋಲೆಯು ಸ್ವಾತಂತ್ರ್ಯ ಹೋರಾಟದ ಅಗ್ನಿಕುಂಡವಾಗಿತ್ತು. 1930ರಲ್ಲಿ ಅಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಮುಂದೆ ಅಂಕೋಲಾ, ಸಿದ್ದಾಪುರ ತಾಲೂಕುಗಳ ರೈತರು ಸರಕಾರಕ್ಕೆ ಕಂದಾಯ ಕೊಡುವುದಿಲ್ಲವೆಂದು ಕರನಿರಾಕರಣೆ ಹೂಡಿ ಮನೆಮಾರು, ಹೊಲಗದ್ದೆಗಳನ್ನು ಕಳೆದುಕೊಂಡರು. ನೆಲವನ್ನು ಕಳೆದುಕೊಂಡವನ ಮುಖವು ಹೇಗಿರುತ್ತದೆಂಬುದು ಆ ತಾಲೂಕಿನ ತರುಣರಿಗೆ ಪುಸ್ತಕದಿಂದ ತಿಳಿಯಬೇಕಾದ ಸಂಗತಿಯಾಗಿರಲಿಲ್ಲ.

ಮುಂಬಯಿಯಲ್ಲಿ ಎಂ.ಎ. ಹಾಗೂ ಕಾನೂನು ಪದವಿಗಳನ್ನು ಪಡೆದ ದೇಸಾಯಿಯವರು ಕರಿಯ ಕೋಟು ತೊಟ್ಟು ಹಣ ಗಳಿಸಬಹುದಾಗಿತ್ತು. ಅವರು ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಸ್ಥಾಪಿಸಿದ ಭಾರತ ಸೇವಕ ಸಮಾಜವನ್ನು ಸೇರಿದರು. ಅದರ ಸದಸ್ಯರಿಗೆ ದೊರೆಯುತ್ತಿದ್ದುದು ಜೀವನ ನಿರ್ವಹಣೆಗೆ ಸಾಕಾಗುವಷ್ಟು ಸಣ್ಣ ವೇತನ ಮಾತ್ರ. ಮುಂಬಯಿಯಲ್ಲಿ ಅವರು ಹಡಗಿನ ಕೆಲಸಗಾರರ ಸಂಘಟನೆಯ ಹೊಣೆ ಹೊತ್ತರು. ಆ ಕಾರ್ಮಿಕರ ಸ್ಥಿತಿಗತಿಗಳನ್ನು ಅಭ್ಯಸಿಸಿ ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನೂ ಬರೆದರು. ಹಡಗಿನಲ್ಲಿ ಕೆಲಸ ಸಿಗಬೇಕಾದರೆ ಖಲಾಸಿಯು ದಲ್ಲಾಳಿಗೆ ಲಂಚ ಕೊಡಬೇಕು, ಲಂಚಕ್ಕಾಗಿ ಸಾಲ ಮಾಡಬೇಕು, ಸಾಲ ತೀರಿಸಲು ಮತ್ತೆ ಸಮುದ್ರಕ್ಕೆ ಹೋಗಬೇಕು. ಊರಿನ ಗದ್ದೆಯಲ್ಲಿದ್ದ ಕುಣಿಕೆಯೇ ಬಂದರಿನ ಕಟ್ಟೆಯ ಮೇಲೂ ಇತ್ತು.

1930ರ ದಶಕದ ಕೊನೆಯ ವರ್ಷಗಳಲ್ಲಿ ದೇಸಾಯಿಯವರು ತಮ್ಮ ಜಿಲ್ಲೆಯ ರೈತರನ್ನು ಸಂಘಟಿಸತೊಡಗಿದರು. ಹಳ್ಳಿಹಳ್ಳಿಗಳಲ್ಲಿ ರೈತಕೂಟಗಳು ಹುಟ್ಟಿದವು. ಉಳುವವನೇ ಹೊಲದೊಡೆಯನೆಂಬ ಮಾತು ಕರಾವಳಿಯಲ್ಲಿ ಮೊಳಗಿತು. ಗೇಣಿ ಇಳಿಯಬೇಕು, ಒಕ್ಕಲೆಬ್ಬಿಸುವುದು ನಿಲ್ಲಬೇಕು ಎಂಬ ಬೇಡಿಕೆಗಳು ಎದ್ದವು. ಇವೆಲ್ಲವನ್ನೂ ಚರಿತ್ರೆ ಬರೆಯುವವರು ತಪ್ಪದೆ ಬರೆಯುತ್ತಾರೆ. ಆದರೆ ಕೂಟ ಎಂಬ ಆ ಸಣ್ಣ ಶಬ್ದದ ಕಡೆಗೆ ನಾವು ಸ್ವಲ್ಪ ಗಮನ ಕೊಡಬೇಕು. ಅದುವರೆಗೆ ಒಡೆಯನ ಅಂಗಳದಲ್ಲಿ ಒಬ್ಬೊಬ್ಬನೇ ನಿಂತು ಬೇಡುತ್ತಿದ್ದ ರೈತ ಈಗ ಹತ್ತು ಮಂದಿಯ ಜೊತೆಗೆ ಕುಳಿತ. ತನ್ನ ಮನೆಯ ಕಣಜವೊಂದೇ ಬರಿದಾದುದಲ್ಲ, ಪಕ್ಕದ ಮನೆಯದೂ ಬರಿದಾಗಿದೆ ಎಂಬುದು ಅವನಿಗೆ ಕಿವಿಯಾರೆ ಕೇಳಿಸಿತು. ಸಾಲವು ಹಣೆಬರಹದಿಂದ ಬಂದುದಲ್ಲ, ಗೇಣಿಯ ಲೆಕ್ಕದಿಂದ ಬಂದುದು, ಲೆಕ್ಕವನ್ನಾದರೆ ಬದಲಾಯಿಸಬಹುದು. ಇಷ್ಟು ತಿಳಿದ ಕೂಡಲೇ ಸಾಲ ತೀರಲಿಲ್ಲ, ನಿಜ. ಆದರೆ ನಾಚಿಕೆ ಅರ್ಧ ಇಳಿಯಿತು, ಭಯ ಅರ್ಧ ಇಳಿಯಿತು. ಕಾನೂನು ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಈ ಜಿಲ್ಲೆಯ ರೈತನ ಬೆನ್ನು ನೆಟ್ಟಗಾದದ್ದು ಈ ಕೂಟಗಳಲ್ಲಿ ಎಂದು ನಾನು ತಿಳಿಯುತ್ತೇನೆ.

ಬೆನ್ನು ನೆಟ್ಟಗಾದ ರೈತನನ್ನು ಕಂಡು ಒಡೆಯರಿಗೂ ಸರಕಾರಕ್ಕೂ ಕಳವಳವಾಯಿತು. 1940ರಲ್ಲಿ ಬ್ರಿಟಿಷ್ ಸರಕಾರ ದೇಸಾಯಿಯವರನ್ನು ಜಿಲ್ಲೆಯಿಂದ ಗಡಿಪಾರು ಮಾಡಿತು. ಹುಟ್ಟಿದ ಮಣ್ಣಿಗೆ ಐದು ವರ್ಷ ಕಾಲಿಡುವಂತಿಲ್ಲ. ಆಗ ಅವರಿಗೆ ಮೂವತ್ತೊಂದರ ಆಸುಪಾಸಿನ ವಯಸ್ಸು. ಅವರು ಮುಂಬಯಿಯಲ್ಲಿ ಕಾರ್ಮಿಕರ ಕೆಲಸವನ್ನು ಮುಂದುವರಿಸಿದರು. 1945ರಲ್ಲಿ ಗಡಿಪಾರು ಮುಗಿಯಿತು. ಮತ್ತೆ ಊರಿನ ಕೆಲಸ.

1948ರಲ್ಲಿ ಮುಂಬಯಿ ಸರಕಾರ ಗೇಣಿ ಮತ್ತು ಕೃಷಿಭೂಮಿಯ ಶಾಸನವನ್ನು ತಂದು ಗೇಣಿಗೆ ಮಿತಿ ಹಾಕಿತು. ಶಾಸನವೇನೋ ಬಂದಿತು, ಆದರೆ ಅದನ್ನು ಓದಬಲ್ಲ ಒಕ್ಕಲಿನ ಮನೆ ಎಲ್ಲಿತ್ತು? ಅಕ್ಷರ ಬಾರದವನು ತನಗಿರುವ ಹಕ್ಕನ್ನು ತಿಳಿಯಲು ಒಡೆಯನ ಗುಮಾಸ್ತನನ್ನೇ ಕೇಳಬೇಕಾಗಿತ್ತು. ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ ಜಿಲ್ಲೆಯ ಹಲವೆಡೆ ಪ್ರೌಢಶಾಲೆಗಳನ್ನು ತೆರೆದರು. ಅವುಗಳಲ್ಲಿ ಹಲವಕ್ಕೆ ಜನತಾ ವಿದ್ಯಾಲಯವೆಂದು ಹೆಸರು. ಗೇಣಿದಾರನ ಮಗನೂ ಬೆಸ್ತರ ಮಗಳೂ ಅಲ್ಲಿಯ ಬೆಂಚುಗಳಲ್ಲಿ ಕುಳಿತರು. 1966ರಲ್ಲಿ ಗೋಖಲೆಯವರ ಜನ್ಮಶತಾಬ್ದಿಯ ನೆನಪಿಗೆ ಅಂಕೋಲೆಯಲ್ಲಿ ಕಾಲೇಜು ಆರಂಭವಾಯಿತು. ಇದಕ್ಕೂ ಮೊದಲೇ, 1955ರಲ್ಲಿ, ಅವರು ಜನಸೇವಕ ಎಂಬ ವಾರಪತ್ರಿಕೆಯನ್ನು ಹೊರಡಿಸಿದ್ದರು. 1967ರ ಚುನಾವಣೆಯಲ್ಲಿ ಯಾವ ಪಕ್ಷಕ್ಕೂ ಸೇರದೆ ನಿಂತು ಗೆದ್ದು ಲೋಕಸಭೆಯ ಸದಸ್ಯರಾದರು.

ನಾಡಿನ ಇತರ ಕಡೆಗಳಲ್ಲಿ ದೇಸಾಯಿಯವರು ಹೆಸರಾದದ್ದು ರೈತ ನಾಯಕರೆಂದಲ್ಲ, ಚುಟುಕು ಬ್ರಹ್ಮರೆಂದು. ನಾಲ್ಕೇ ಸಾಲು, ಅದರಲ್ಲಿ ಮಂತ್ರಿಗಳಿಗೊಂದು ಚಿವುಟು, ಒಡೆಯರಿಗೊಂದು ಪೆಟ್ಟು, ಹಲವೊಮ್ಮೆ ಕವಿಗೂ ಒಂದು ಗುದ್ದು. ಇಂಥವನ್ನು ಅವರು ಸಾವಿರಗಟ್ಟಲೆ ಬರೆದರು. ಮಕ್ಕಳಿಗಾಗಿ ಹಾಡುಗಳನ್ನೂ ಬರೆದರು. ಪಂಡಿತರಲ್ಲಿ ಕೆಲವರಿಗೆ ಚುಟುಕವು ಹಗುರವೆನಿಸಿದ್ದುಂಟು. ಆದರೆ ನಮಸ್ಕಾರ ಮಾಡಿ ನಿಲ್ಲಬೇಕಾದ ದೊಡ್ಡವರನ್ನು ನೋಡಿ ಒಮ್ಮೆ ನಕ್ಕರೆ, ಅವರ ಹೆದರಿಕೆ ಮೊದಲಿನಂತೆ ಉಳಿಯುವುದಿಲ್ಲ. ರೈತಕೂಟ ಮಾಡಿದ ಕೆಲಸವನ್ನೇ ಚುಟುಕವೂ ಬೇರೊಂದು ರೀತಿಯಿಂದ ಮಾಡಿತು.

ದೇಸಾಯಿಯವರು ತಮ್ಮ ಜೀವಿತಕಾಲದಲ್ಲಿಯೇ ಗೇಣಿ ಪದ್ಧತಿಯ ಕೊನೆಯನ್ನು ಕಂಡರು. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ ಭೂಸುಧಾರಣಾ ಕಾಯಿದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಗೇಣಿದಾರರು ಅರ್ಜಿ ಸಲ್ಲಿಸಿದರು. ತಾಲೂಕುಗಳಲ್ಲಿ ಭೂ ನ್ಯಾಯಮಂಡಳಿಗಳು ಕುಳಿತವು. ಉತ್ತರ ಕನ್ನಡದ ಅಸಂಖ್ಯ ಒಕ್ಕಲುಗಳು ಭೂಮಿಯ ಒಡೆಯರಾದರು.

ಭೂಮಿಯೇನೋ ಬಂದಿತು. ಸಾಲ ಮಾತ್ರ ವೇಷ ಬದಲಿಸಿಕೊಂಡು ಉಳಿಯಿತು. ಒಡೆಯನ ಕಡದ ಜಾಗದಲ್ಲಿ ಗೊಬ್ಬರದ ಅಂಗಡಿಯ ಬಾಕಿ, ಕೊಳವೆಬಾವಿಯ ಖರ್ಚು, ಕೈಸಾಲದ ಬಡ್ಡಿ ಬಂದು ಕುಳಿತವು. ಇಪ್ಪತ್ತನೆಯ ಶತಮಾನದ ಕೊನೆಗೆ ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ರೈತರು ನಿರಾಶೆಯಿಂದ ಪ್ರಾಣ ಕಳೆದುಕೊಂಡ ಸುದ್ದಿಗಳು ಬಂದವು. ಸರಕಾರ ಡಾ. ಜಿ.ಕೆ. ವೀರೇಶ್ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ತಜ್ಞರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಇಂಥ ಸಾವಿಗೆ ಸಾಲವೊಂದೇ ಅಲ್ಲ, ಹಲವು ಕಾರಣಗಳು ಹೆಣೆದುಕೊಂಡಿರುತ್ತವೆಂದು ಅದು ಕಂಡುಕೊಂಡಿತು. ದೇಸಾಯಿಯವರ ಕಾಲದಲ್ಲಿ ಹೆಸರಿಲ್ಲದಿದ್ದ ಆ ಕೊರಗನ್ನು ಇಂದು ವೈದ್ಯರು ಖಿನ್ನತೆ ಎಂದು ಗುರುತಿಸುತ್ತಾರೆ. ಅದಕ್ಕೆ ಚಿಕಿತ್ಸೆಯೂ ಇದೆ. 2022ರಿಂದ ಟೆಲಿ ಮಾನಸ್ ಎಂಬ ಸರಕಾರಿ ವ್ಯವಸ್ಥೆಯಲ್ಲಿ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ಹಗಲಿರುಳೆನ್ನದೆ ಕನ್ನಡದಲ್ಲಿಯೇ ಮನಸ್ಸಿನ ಕಷ್ಟವನ್ನು ಹೇಳಿಕೊಳ್ಳಬಹುದು. ಹತ್ತು ಮಂದಿ ಕೂಡಿ ಕುಳಿತು ಮಾತಾಡುತ್ತಿದ್ದ ರೈತಕೂಟದ ಜಗಲಿಗೆ ಅದು ಸಮನಾದೀತೇ ಎಂಬುದು ಬೇರೆ ಪ್ರಶ್ನೆ.

ದಿನಕರ ದೇಸಾಯಿಯವರು 1982ನೆಯ ಇಸವಿಯ ನವೆಂಬರ್ 6ರಂದು ತೀರಿಕೊಂಡರು. ಆ ವೇಳೆಗೆ ಕರಾವಳಿಯಲ್ಲಿ ಭತ್ತದ ಕೊಯ್ಲಿನ ಕಾಲ. ತಾವು ಸತ್ತ ಮೇಲೆ ದೇಹದ ಬೂದಿಯನ್ನು ಗಾಳಿಗೆ ತೂರಬೇಕು, ಅದು ಹೋಗಿ ಭತ್ತ ಬೆಳೆಯುವ ನೆಲದಲ್ಲಿ ಬೀಳಬೇಕು ಎಂದು ಅವರು ಬಹು ಹಿಂದೆಯೇ ಒಂದು ಕವಿತೆಯಲ್ಲಿ ಬಯಸಿದ್ದರು.