ನಕ್ಷತ್ರದ ಬಣ್ಣ ಓದಿದ ಮೇಘನಾದ ಸಹಾ

ರಾತ್ರಿ ಆಕಾಶ ನೋಡಿದರೆ ನಕ್ಷತ್ರಗಳೆಲ್ಲ ಬೆಳ್ಳಗೇ ಕಾಣುತ್ತವೆ. ಸ್ವಲ್ಪ ಹೊತ್ತು ಕಣ್ಣಿಟ್ಟರೆ ವ್ಯತ್ಯಾಸ ಗೊತ್ತಾಗುತ್ತದೆ. ಆರಿದ್ರಾ ಕೆಂಪು, ಚಿತ್ತಾ ನೀಲಿ ಬೆರೆತ ಬಿಳಿ. ಕುಲುಮೆಯಲ್ಲಿ ಕಬ್ಬಿಣ ಕಾಯಿಸುವವರಿಗೆ ಇದನ್ನು ವಿವರಿಸಬೇಕಿಲ್ಲ. ಕಬ್ಬಿಣ ಮೊದಲು ಕೆಂಪಗಾಗುತ್ತದೆ, ಇನ್ನಷ್ಟು ಕಾದಾಗ ಹಳದಿ, ಆಮೇಲೆ ಬಿಳಿ. ನಕ್ಷತ್ರಗಳದೂ ಇದೇ ಕಥೆ. ಆರಿದ್ರಾದ ಮೇಲ್ಮೈ ತಾಪಮಾನ ಸುಮಾರು 3,500 ಕೆಲ್ವಿನ್. ಸೂರ್ಯನದು ಸುಮಾರು 5,800. ಚಿತ್ತಾದ್ದು 20,000ಕ್ಕೂ ಹೆಚ್ಚು. ಬಿಸಿನೀರಿನ ನಲ್ಲಿಗೆ ಕೆಂಪು, ತಣ್ಣೀರಿನ ನಲ್ಲಿಗೆ ನೀಲಿ ಗುರುತು ನೋಡಿ ಬೆಳೆದ ನಮಗೆ ಆಕಾಶದ ಲೆಕ್ಕ ಪೂರ್ತಿ ಉಲ್ಟಾ!

ಕಾಯಿಸಿದ ವಸ್ತು ಬಿಸಿಯಾದಷ್ಟೂ ಅದರ ಬೆಳಕು ಕಡಿಮೆ ತರಂಗಾಂತರದ ಕಡೆಗೆ, ಅಂದರೆ ನೀಲಿಯ ಕಡೆಗೆ ಸರಿಯುತ್ತದೆ ಎಂಬ ನಿಯಮವನ್ನು ಜರ್ಮನಿಯ ವಿಲ್‌ಹೆಲ್ಮ್ ವೀನ್ ಕಂಡುಕೊಂಡದ್ದು 1893ರಲ್ಲಿ. ಅದೇ ವರ್ಷದ ಅಕ್ಟೋಬರ್ 6ರಂದು ಢಾಕಾ ಬಳಿಯ ಒಂದು ಹಳ್ಳಿಯಲ್ಲಿ ಮೇಘನಾದ ಸಹಾ ಹುಟ್ಟಿದರು. ನಕ್ಷತ್ರದ ಬೆಳಕಿನಲ್ಲಿ ವೀನ್ ನಿಯಮಕ್ಕೆ ನಿಲುಕದೆ ಉಳಿದಿದ್ದ ಗುಟ್ಟನ್ನು ಬಿಡಿಸಿದವರು ಇವರು.

ತಂದೆಯದು ಚಿಕ್ಕ ದಿನಸಿ ಅಂಗಡಿ, ಮನೆ ತುಂಬ ಮಕ್ಕಳು. ಪ್ರಾಥಮಿಕ ಶಾಲೆಯ ನಂತರ ಊರಲ್ಲಿ ಓದಲು ಅವಕಾಶವಿರಲಿಲ್ಲ. ಬೇರೆ ಊರಿನ ವೈದ್ಯರೊಬ್ಬರು ತಮ್ಮ ಮನೆಯಲ್ಲಿ ಇರಿಸಿಕೊಂಡಿದ್ದರಿಂದ ಹುಡುಗನ ಓದು ಮುಂದುವರಿಯಿತು. ಸ್ಕಾಲರ್‌ಶಿಪ್ ಗಳಿಸಿ 1905ರಲ್ಲಿ ಢಾಕಾದ ಸರ್ಕಾರಿ ಶಾಲೆಗೆ ಸೇರಿದ. ಅದು ಬಂಗಾಳ ವಿಭಜನೆಯ ಕಾಲ. ಗವರ್ನರ್ ಭೇಟಿಯನ್ನು ಬಹಿಷ್ಕರಿಸಿದವರಲ್ಲಿ ಇವನೂ ಇದ್ದ. ಶಾಲೆಯೂ ಹೋಯಿತು, ಸ್ಕಾಲರ್‌ಶಿಪ್ಪೂ ಹೋಯಿತು. ಬೇರೊಂದು ಶಾಲೆ ಸೇರಿ ಓದು ಮುಗಿಸಿದ.

ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸತ್ಯೇಂದ್ರನಾಥ ಬೋಸ್ ಸಹಪಾಠಿ, ಜಗದೀಶಚಂದ್ರ ಬೋಸ್ ಮತ್ತು ಪ್ರಫುಲ್ಲಚಂದ್ರ ರೇ ಗುರುಗಳು. ಆದರೆ ಹಾಸ್ಟೆಲ್‌ನಲ್ಲಿ ಮೇಲ್ಜಾತಿಯ ಕೆಲವು ವಿದ್ಯಾರ್ಥಿಗಳು ಸಹಾ ಜೊತೆ ಕೂತು ಊಟ ಮಾಡಲು ಒಪ್ಪಲಿಲ್ಲ. 1915ರಲ್ಲಿ ಎಂ.ಎಸ್‌ಸಿಯಲ್ಲಿ ಬೋಸ್ ಮೊದಲಿಗರು, ಸಹಾ ಎರಡನೆಯವರು. ಮನೆಗೆ ಆಧಾರವಾಗಲೆಂದು ಸರ್ಕಾರಿ ಹಣಕಾಸು ಸೇವೆಯ ಪರೀಕ್ಷೆ ಬರೆಯಲು ಹೊರಟರು. ರಾಷ್ಟ್ರೀಯವಾದಿಗಳ ಒಡನಾಟ ಇದೆಯೆಂದು ಪರೀಕ್ಷೆಗೇ ಕೂರಿಸಲಿಲ್ಲ. ಸೈಕಲ್ ಮೇಲೆ ಮನೆಮನೆಗೆ ಹೋಗಿ ಟ್ಯೂಷನ್ ಹೇಳಿ ದಿನ ದೂಡಿದರು.

1916ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ವಿಜ್ಞಾನ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಓದಿದ್ದು ಗಣಿತ, ಪಾಠ ಮಾಡಬೇಕಾದದ್ದು ಥರ್ಮೋಡೈನಮಿಕ್ಸ್ ಮತ್ತು ರೋಹಿತ ವಿಜ್ಞಾನ. ತಾವೇ ಕಲಿಯುತ್ತಾ ಕಲಿಸಿದರು. ನಾವು ಬಿಇಯಲ್ಲಿ ಪಾಸಾದರೆ ಸಾಕೆಂದು ಓದುವ ಥರ್ಮೋಡೈನಮಿಕ್ಸನ್ನೇ ಅವರು ನಕ್ಷತ್ರಗಳಿಗೆ ಅನ್ವಯಿಸಿದರು.

ಆಗಿನ ಒಗಟು ಇದು. ನಕ್ಷತ್ರದ ಬೆಳಕನ್ನು ಪಟ್ಟಕದಲ್ಲಿ ಬಿಡಿಸಿದರೆ ಬಣ್ಣಗಳ ನಡುವೆ ಕಪ್ಪು ಗೆರೆಗಳು ಕಾಣುತ್ತವೆ. ಒಂದೊಂದು ಧಾತುವಿಗೂ ತನ್ನದೇ ಗೆರೆಗಳಿವೆ. ಹಾರ್ವರ್ಡ್‌ನಲ್ಲಿ ಆ್ಯನಿ ಜಂಪ್ ಕ್ಯಾನನ್ ಈ ಗೆರೆಗಳನ್ನು ನೋಡಿ ನಕ್ಷತ್ರಗಳನ್ನು ವಿಂಗಡಿಸಿದ್ದರು. ನೀಲಿಯಿಂದ ಕೆಂಪಿನವರೆಗೆ ಸಾಲು ಚೆನ್ನಾಗಿ ಕೂತಿತ್ತು. ಆದರೆ ಜಲಜನಕದ ಗೆರೆಗಳು ಬಿಳಿ ನಕ್ಷತ್ರಗಳಲ್ಲಿ ಢಾಳಾಗಿದ್ದು, ಕಡುನೀಲಿಯವುಗಳಲ್ಲೂ ಕೆಂಪಿನವುಗಳಲ್ಲೂ ಮಸುಕಾಗುವುದು ಏಕೆ? ಅವುಗಳಲ್ಲಿ ಜಲಜನಕ ಕಡಿಮೆಯೇ?

1920ರಲ್ಲಿ ಪ್ರಕಟವಾದ ಪ್ರಬಂಧಗಳಲ್ಲಿ ಸಹಾ ಇದಕ್ಕೆ ದಾರಿ ತೋರಿದರು. ಆಗ ಅವರ ವಯಸ್ಸು 26. ಶಾಖ ಏರಿದಂತೆ ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಳ್ಳುತ್ತವೆ. ಒತ್ತಡ ಕಡಿಮೆಯಿದ್ದರೆ ಇನ್ನೂ ಸುಲಭವಾಗಿ. ಯಾವ ತಾಪಮಾನ, ಒತ್ತಡದಲ್ಲಿ ಎಷ್ಟು ಪಾಲು ಪರಮಾಣುಗಳು ಹೀಗೆ ಅಯಾನುಗಳಾಗುತ್ತವೆ ಎಂಬುದನ್ನು ಅವರ ಸಮೀಕರಣ ಲೆಕ್ಕಹಾಕುತ್ತದೆ. ಅತಿ ಬಿಸಿಯ ನೀಲಿ ನಕ್ಷತ್ರದಲ್ಲಿ ಬಹುಪಾಲು ಜಲಜನಕ ತನ್ನ ಒಂದೇ ಎಲೆಕ್ಟ್ರಾನನ್ನೂ ಕಳೆದುಕೊಂಡಿರುತ್ತದೆ, ಇನ್ನು ಗೆರೆ ಮೂಡಿಸುವುದು ಹೇಗೆ? ಕೆಂಪು ನಕ್ಷತ್ರದಲ್ಲಿ ಜಲಜನಕವಿದ್ದರೂ ಆ ಗೆರೆ ಮೂಡಿಸುವಷ್ಟು ಶಾಖ ಸಾಲದು. ವ್ಯತ್ಯಾಸ ಮುಖ್ಯವಾಗಿ ಬಿಸಿಯದು, ಸರಕಿನದಲ್ಲ. ಜೊತೆಗೂತು ಉಣ್ಣಲು ಯೋಗ್ಯನಲ್ಲ ಎನಿಸಿಕೊಂಡ ಹುಡುಗನೇ ಇದನ್ನು ತೋರಿಸಿಕೊಟ್ಟದ್ದು ನನ್ನ ಮನಸ್ಸಿಗೆ ನಾಟಿದ ವಿಷಯ.

ಬಣ್ಣವೊಂದನ್ನೇ ನಂಬಿದರೆ ಮೋಸ ಹೋಗುವುದೂ ಉಂಟು. ದಾರಿಯಲ್ಲಿ ಅಂತರತಾರಾ ದೂಳು ನೀಲಿ ಬೆಳಕನ್ನು ಹೆಚ್ಚು ಚದುರಿಸುವುದರಿಂದ ಬಿಸಿ ನಕ್ಷತ್ರವೂ ಕೆಂಪಗೆ ಕಾಣಬಹುದು. ಗೆರೆಗಳು ಮಾತ್ರ ನಿಜವಾದ ತಾಪಮಾನವನ್ನೇ ಹೇಳುತ್ತವೆ. 1925ರಲ್ಲಿ ಸಿಸಿಲಿಯಾ ಪೇನ್ ಇದೇ ಸಮೀಕರಣ ಬಳಸಿ, ನಕ್ಷತ್ರಗಳು ಬಹುಪಾಲು ಜಲಜನಕ ಮತ್ತು ಹೀಲಿಯಂ ಎಂಬ ತೀರ್ಮಾನಕ್ಕೆ ಬಂದರು.

ಸಹಾ 1927ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ನೊಬೆಲ್‌ಗೆ ಹಲವು ಬಾರಿ ಹೆಸರು ಹೋದರೂ ಪ್ರಶಸ್ತಿ ಬರಲಿಲ್ಲ. ಕಲ್ಕತ್ತಾದಲ್ಲಿ ಪರಮಾಣು ಭೌತವಿಜ್ಞಾನ ಸಂಸ್ಥೆ ಕಟ್ಟಿದರು, ನದಿಗಳ ಪ್ರವಾಹದ ಬಗ್ಗೆ ಬರೆದರು, 1952ರಲ್ಲಿ ಪಕ್ಷೇತರರಾಗಿ ಗೆದ್ದು ಲೋಕಸಭೆಗೆ ಬಂದರು. ರಾಷ್ಟ್ರೀಯ ಪಂಚಾಂಗ ರೂಪಿಸಿದ ಸಮಿತಿಗೂ ಅವರೇ ಅಧ್ಯಕ್ಷರು. 1956ರ ಫೆಬ್ರವರಿ 16ರಂದು ದೆಹಲಿಯಲ್ಲಿ ಯೋಜನಾ ಆಯೋಗದ ಕಚೇರಿಗೆ ಹೋಗುವಾಗ ದಾರಿಯಲ್ಲೇ ಕುಸಿದು ತೀರಿಕೊಂಡರು.

ಅಂದು ಅವರಿಗೆ ಒಂದು ಪರೀಕ್ಷೆ ಬರೆಯಲು ಬಿಡಲಿಲ್ಲ. ಇಂದು ಖಭೌತ ವಿಜ್ಞಾನ ಓದುವವರಿಗೆ ಪರೀಕ್ಷೆಯಲ್ಲಿ ಅವರ ಸಮೀಕರಣವೇ ಪ್ರಶ್ನೆಯಾಗಿ ಬರುತ್ತದೆ.