ಕುದ್ಮುಲ್ ರಂಗರಾಯರ ಜೀವಿತ

ಕವಿತಾಳ, ಮಾನ್ವಿ, ದೇವದುರ್ಗದ ಕಡೆಯ ನಮ್ಮ ಸಭೆಗಳಲ್ಲಿ ಅಕ್ಷರ ಬಲ್ಲವರು ಈಗ ಅನೇಕರಿದ್ದಾರೆ. ಆದರೂ ಊರಿನ ಸಂಗತಿಗಳನ್ನು ತೀರ್ಮಾನಿಸುವ ಕೂಟವು ನೆರೆದಾಗ, ಅಂಚಿನಲ್ಲಿ ನಿಂತು, ತುಟಿ ಬಿಚ್ಚದೆ ಮನೆಗೆ ಮರಳುವವರೂ ನಮ್ಮೊಳಗೆ ಉಂಟು. ಅಂಥವರ ನಿಮಿತ್ತವಾಗಿ ಮಂಗಳೂರಿನ ಒಬ್ಬ ವಕೀಲರ ಚರಿತ್ರೆಯನ್ನು ಈ ತಿಂಗಳು ಬರೆಯುತ್ತೇವೆ.

ರಂಗರಾಯರು 1859ರಲ್ಲಿ ಕಾಸರಗೋಡು ಸೀಮೆಯ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದರು. ಮಂಗಳೂರಿಗೆ ಬಂದು ಮೊದಲು ಉಪಾಧ್ಯಾಯರೂ ಆಮೇಲೆ ವಕೀಲರೂ ಆದರು. ಅವರು ನಮ್ಮ ಮತಕ್ಕೆ ಸೇರಿದವರಲ್ಲ, ಬ್ರಹ್ಮಸಮಾಜದವರು. ಆದರೆ ಗಾಯಪಟ್ಟವನನ್ನು ಕಂಡು ದಾರಿಬಿಟ್ಟು ಹೋಗದ ಸಮಾರ್ಯದವನ ಸಾಮ್ಯವನ್ನು ಓದಿದವರಿಗೆ ಇಂಥವರು ಅನ್ಯರೆಂದು ತೋರಲಾರರು.

ಅಸ್ಪೃಶ್ಯರೆನಿಸಿದವರ ಮಕ್ಕಳಿಗಾಗಿ ಅವರು 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ಒಂದು ಶಾಲೆಯನ್ನು ತೆರೆದರು. ಮೇಲ್ಜಾತಿಯವರ ವಿರೋಧದ ದೆಸೆಯಿಂದ ಅದನ್ನು ಅಲ್ಲಿಂದ ಎಬ್ಬಿಸಬೇಕಾಯಿತು. ಸ್ವಜಾತಿಯವರು ಅವರನ್ನು ಬಹಿಷ್ಕರಿಸಿದರು. ಆದರೂ ಹಿಂದೆಗೆಯದೆ 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಶಾಲೆಗಳ ಸಂಗಡ ಕೈಕೆಲಸದ ಶಿಕ್ಷಣವೂ ಮನೆ ಕಟ್ಟಿಕೊಳ್ಳುವುದಕ್ಕೆ ನಿವೇಶನಗಳೂ ಬಂದವು. ಯಾಕಂದರೆ ಧಣಿಯ ಹಿತ್ತಲಲ್ಲಿ ಗುಡಿಸಲು ಹಾಕಿಕೊಂಡವನು ಮಗನನ್ನು ಶಾಲೆಗೆ ಕಳುಹಿಸಿದ್ದೇ ತಪ್ಪಾಗಿ, ಆ ಸಂಜೆಯೇ ಹೊರಗೆ ಬೀಳಬಹುದು. ಸ್ವಂತ ನೆಲವಿದ್ದವನಿಗೆ ಮಾತ್ರ ಧೈರ್ಯವಿರುತ್ತದೆ.

ನಾವು ಮುಖ್ಯವೆಂದು ಎಣಿಸುವುದು ಇನ್ನೊಂದು ಕಾರ್ಯ. ಬಾವಿ, ರಸ್ತೆ, ಶಾಲೆ ಎಲ್ಲಿರಬೇಕೆಂದು ನಿರ್ಣಯಿಸುವ ಪುರಸಭೆಯಲ್ಲಿಯೂ ಜಿಲ್ಲಾ ಬೋರ್ಡಿನಲ್ಲಿಯೂ ಈ ಜನರೊಳಗಿಂದಲೇ ಸದಸ್ಯರು ಕೂತಿರಬೇಕೆಂದು ಅವರು ಸರಕಾರವನ್ನು ಒತ್ತಾಯಿಸಿದರು. ಅಂಥವರ ನಾಮಕರಣವೂ ಆಯಿತು. ಮತ್ತೊಬ್ಬರು ಇವರ ಪರವಾಗಿ ಮಾತಾಡುವುದು ಸಾಲದೆಂದು ಆ ವಕೀಲರು ತಿಳಿದಿದ್ದರು. ತಮ್ಮ ಮನೆಯಲ್ಲಿಯೂ ಅದೇ ನಡತೆ. ಚಿಕ್ಕವಯಸ್ಸಿನಲ್ಲೇ ವಿಧವೆಯಾದ ಮಗಳು ರಾಧಾಬಾಯಿಗೆ ಪುನಃ ವಿವಾಹ ಮಾಡಿಸಿದರು. ಆಕೆ 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಪ್ರತಿನಿಧಿಯಾಗಿ ಹೋದಳು.

ಕಡೆಗಾಲದಲ್ಲಿ ಅವರು ಸನ್ಯಾಸ ಸ್ವೀಕರಿಸಿದರು. 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಶವವನ್ನು ತೋಟಿಗಳೇ ಹೊರಬೇಕೆಂದು ಮೊದಲೇ ತಿಳಿಸಿದ್ದರು. ತಮ್ಮ ಶಾಲೆಯ ಮಗುವೊಂದು ದೊಡ್ಡ ಉದ್ಯೋಗಕ್ಕೇರಿ, ಆ ಊರಿನ ರಸ್ತೆಯಲ್ಲಿ ಮೋಟಾರಿನಲ್ಲಿ ಹೋಗುವಾಗ ಎದ್ದ ಧೂಳು ತಮ್ಮ ತಲೆಯ ಮೇಲೆ ಬೀಳಬೇಕೆಂಬುದು ಅವರ ಆಶೆಯಾಗಿತ್ತು. ಅವರ ಸಮಾಧಿಯು ಮಂಗಳೂರಿನ ನಂದಿಗುಡ್ಡೆಯಲ್ಲಿದೆ. ನಗರದ ಪುರಭವನಕ್ಕೂ ಈಗ ಅವರದೇ ಹೆಸರು.